ಮಾವಿನ ಮರಕ್ಕೆ ಕಿವಿ ಹಚ್ಚುತ್ತಿದ್ದವನು

ಮಕ್ಕಳೇ, ನಮ್ಮ ಹಿತ್ತಲಿನ ಮಾವಿನ ಮರದ ಹುಳ ತೆಗೆಯಲು ಆಂಧ್ರ ಗಡಿಯ ಹೊಳಗುಂದದಿಂದ ಒಬ್ಬ ಬರುತ್ತಿದ್ದ. ಕಾಂಡಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಒಳಗ ಅದಾನ್ರಿ ಅಮ್ಮಾ, ಊಟಕ್ಕ ಕುಂತಾನ" ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು. ತೂತಿನೊಳಗೆ ಸೈಕಲ್ ಕಡ್ಡಿ ಆಡಿಸಿ ಬೆರಳುದ್ದದ ಬಿಳಿ ಹುಳವನ್ನು ಹೊರಗೆಳೆಯುತ್ತಿದ್ದ. ಆಮೇಲೆ ಪೆಟ್ರೋಲಿನಲ್ಲಿ ನೆನೆಸಿದ ಹತ್ತಿ ತುರುಕಿ, ಮೇಲೆ ಕೆಸರು ಮೆತ್ತುತ್ತಿದ್ದ.

ಒಂದು ಸಂಜೆ ಅವನು ಆ ಹತ್ತಿಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಕೆಸರು ಕಲಸಲು ಹೋದ. ದೀಪಕ್ಕೆಂದು ನಾನು ಎಣ್ಣೆಯಲ್ಲಿ ನೆನೆಸಿಟ್ಟ ಬತ್ತಿ ಇರಬೇಕೆಂದು ನಿಮ್ಮ ಅಮ್ಮ ಅದನ್ನು ದೇವರ ಮನೆಗೆ ಒಯ್ದಳು. ನೆಗಡಿಯಾಗಿದ್ದರಿಂದ ಅವಳಿಗೆ ವಾಸನೆ ಹತ್ತಲಿಲ್ಲ. ಕಂಕುಳಲ್ಲಿ ನಿಮ್ಮ ತಮ್ಮನೂ ಇದ್ದ.

"ಬಟ್ಟಲ ಎಲ್ಲೈತ್ರಿ?" ಎಂದವನು ಒಳಗೆ ಇಣುಕಿ ನೋಡಿ, "ವದ್ದಮ್ಮಾ, ವದ್ದು! ಹಚ್ಚಬ್ಯಾಡ್ರೀ!" ಎಂದು ಗಾಬರಿಯಲ್ಲಿ ತೆಲುಗು ಬೆರೆಸಿ ಚೀರಿದ. ಎಂದೂ ಮನೆಯೊಳಗೆ ಕಾಲಿಡದವನು ಓಡಿ ಬಂದು, ನಿಮ್ಮ ಅಮ್ಮ ಗೀರಿದ ಬೆಂಕಿಕಡ್ಡಿಯನ್ನು ಉರಿಯುತ್ತಿದ್ದಂತೆಯೇ ಮುಷ್ಟಿಯಲ್ಲಿ ಹಿಸುಕಿಬಿಟ್ಟ.

ಅವನು ಸುಟ್ಟ ಅಂಗೈಯನ್ನು ನೋಡಿಕೊಳ್ಳಲೇ ಇಲ್ಲ. ತನ್ನ ಕಾಲು ನೋಡಿಕೊಂಡು ಹೊಸ್ತಿಲಾಚೆ ಸರಿದ.

"ತಪ್ಪಾತ್ರೀ ಅಮ್ಮಾ, ಚಪ್ಲಿ ಮೆಟ್ಟಿಕೊಂಡೇ ದೇವರ ಮನೀಗೆ ಬಂದುಬಿಟ್ಟೆ."