ಎಡಬಾಗಿಲಿನ ರೆಕ್ಸಿನ್

“ಸಾ, ಓಡ್ಸೋರ ಕಡೆ ರೆಕ್ಸಿನ್ ಚೆಂದಾಗೇ ಅದೆ. ಈ ಕಡೆ ಯಾಕ್ಸಾ ಇಂಗೆ ಕಿತ್ತೋಗದೆ? ನಾಯಿ ಗೀಯಿ ಕೂರಿಸ್ಕತೀರಾ?”

ಚನ್ನರಾಯಪಟ್ಟಣದಲ್ಲಿ ಸೀಟು ಹೊಲಿಯುವವರು ನಮ್ಮ ಹಳೇ ಲಾರಿಯ ಎಡಬಾಗಿಲು ತೆರೆದು ನನ್ನ ಯಜಮಾನರನ್ನು ಹೀಗೆ ಕೇಳಿದರು. ಬಾಗಿಲಿನಲ್ಲಿ ಕೈಯೂರುವ ಪಟ್ಟಿಯ ತುಂಬ ಉಗುರಿನ ಗುರುತು, ಒಳಗಿನ ಸ್ಪಂಜೆಲ್ಲ ಹೊರಗೆ.

“ನಾಯಲ್ಲ ಕಣಣ್ಣ, ನಾನೇ! ಇವರು ಓವರ್‌ಟೇಕ್ ಮಾಡ್ದಾಗೆಲ್ಲ ಅದ್ನೇ ಇಡ್ಕಂಡು ಜೀವ ಉಳಿಸ್ಕಂಡಿವ್ನಿ” ಎಂದೆ.

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಯಜಮಾನರು ಮಾತ್ರ ಆ ಹರಿದ ಪಟ್ಟಿಯ ಮೇಲೆ ಕೈಯಾಡಿಸಿದರು.

ಹೊಸ ರೆಕ್ಸಿನ್ ಹಾಕಿಸಿ ವರ್ಷವಾಯಿತು. ಎಡಗಡೆ ಒಂದು ಗೀರೂ ಬಿದ್ದಿಲ್ಲ. ಈಗ ಲಾರಿ ಹತ್ತಿದರೆ ನನಗೆ ಸೊಗಸಾದ ನಿದ್ದೆ. ಹಾಸನ ಬಂದಾಗ ಯಜಮಾನರೇ ತಟ್ಟಿ ಎಬ್ಬಿಸಬೇಕು.