ಚಿಕ್ಕಪ್ಪ ಕುಡಿದ ಸ್ಪಿರಿಟ್ಟಿಗೆ ಕಾರ್ಬನ್ ಒಂದೇ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಕುಣಿಗಲ್ಲಿನ ನಮ್ಮ ಮನೆಯಲ್ಲಿ ಚಿಕ್ಕಪ್ಪ, ಬಾಗಿಲಿಗೆ ಪಾಲಿಶ್ ಹಾಕುವವರ ಕ್ಯಾನಿನಿಂದ ಕಾಫಿ ಲೋಟಕ್ಕೆ ಸ್ಪಿರಿಟ್ ಬಗ್ಗಿಸಿಕೊಂಡು, ನೀರು ಬೆರೆಸಿ ಕುಡಿದೇಬಿಟ್ಟರು. ಚುನಾವಣೆಗೆಂದು ಮದ್ಯದಂಗಡಿ ಮುಚ್ಚಿ ಅಂದಿಗೆ ಎರಡನೇ ದಿನ.

"ಸೂಜಿ ಚುಚ್ಚೋ ಮೊದ್ಲು ಸವರ್ತಾರಲ್ಲ, ಅದೂ ಸ್ಪಿರಿಟ್ಟೇ ಕಣ್ಲಾ," ಎಂದು ಮೀಸೆ ಒರೆಸಿಕೊಂಡರು.

ಕ್ಯಾನಿನ ಚೀಟಿಯಲ್ಲಿ ಹೆಸರಿದ್ದ ಭಾಗ ಹರಿದಿತ್ತು, ರಚನಾ ಸೂತ್ರದ ಚಿತ್ರ ಉಳಿದಿತ್ತು. ಬಿ.ಎಸ್ಸಿ.ಯಲ್ಲಿ ಇಂಥವನ್ನು ರಂಗೋಲಿಯಂತೆ ಬರೆದು ಪಾಸಾದವನು ನಾನು; ಒಂದನ್ನೂ ಓದಿದವನಲ್ಲ. ಈಗ ಬೆರಳಿಟ್ಟು ಎಣಿಸಿದೆ. ಕುಡಿಯುವ ಮದ್ಯಕ್ಕೆ ಕಾರ್ಬನ್ ಎರಡು. ಇಲ್ಲಿದ್ದದ್ದು ಒಂದೇ. ಅದು ಮೆಥನಾಲ್. ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ.

"ಒಂದ್ ಕಾರ್ಬನ್ನಿಗೆಲ್ಲ ಯಾರ್ಲಾ ಸಾಯ್ತಾರೆ?" ಎಂದು ಚಿಕ್ಕಪ್ಪ ತುಮಕೂರಿನವರೆಗೂ ಕಾರಿನಲ್ಲಿ ನಗುತ್ತಲೇ ಬಂದರು. ಆಸ್ಪತ್ರೆಯಲ್ಲಿ ನಾನು ಅಂಗೈ ಮೇಲೆ ಬರೆದು ತೋರಿಸಿದ ಚಿತ್ರ ನೋಡಿ ವೈದ್ಯರು ನಗಲಿಲ್ಲ. ಡಯಾಲಿಸಿಸ್‌ಗೆ ಏರ್ಪಾಡು ಮಾಡಿ, ಅಷ್ಟರಲ್ಲಿ ಆ ವಿಷಕ್ಕೆ ತಡೆಯಾಗಲೆಂದು ಎರಡು ಕಾರ್ಬನ್ನಿನ ಅಸಲಿ ಮದ್ಯವನ್ನೇ ಅಳೆದು ಕೊಟ್ಟರು.

"ನೋಡ್ಕಳೇ, ಡಾಕ್ಟ್ರೇ ಕುಡಿಸ್ತಾವ್ರೆ!" ಎಂದು ಚಿಕ್ಕಪ್ಪ ಜೊತೆಗೆ ಬಂದಿದ್ದ ಚಿಕ್ಕಮ್ಮನಿಗೆ ಹೇಳಿದರು.

"ಮೊದ್ಲು ನನ್ ಮುಖ ಕಾಣ್ತದಾ ಹೇಳಿ," ಎಂದು ಚಿಕ್ಕಮ್ಮ ಅವರ ಕಣ್ಣೆದುರಿಗೆ ಬಗ್ಗಿದರು.

ಕಣ್ಣು ಉಳಿಯಿತು. ಆದರೆ ಮನೆಗೆ ಬಂದ ಮೇಲೂ ಚಿಕ್ಕಮ್ಮ ದಿನಾ ರಾತ್ರಿ ಎದ್ದೆದ್ದು ದೀಪ ಹಾಕಿ, ಅವರ ಮುಖದ ಮುಂದೆ ಕೈ ಹಿಡಿದು ಬೆರಳೆಷ್ಟು ಎಂದು ಕೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಉತ್ತರಕ್ಕಾಗಿ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಎರಡನೇ ಭಾನುವಾರ ಚಿಕ್ಕಪ್ಪ, "ಐದು ಕಣೇ, ನಾಳೇನೂ ಐದೇ ಇರ್ತವೆ, ಮಲಕ್ಕೋ," ಎಂದು ಗದರಿದರು. ಅಂದು ಮೂವರೂ ಬೆಳಗಿನವರೆಗೆ ಮಲಗಿದೆವು.