ಅಡುಗೆಮನೆಯ ಟೊಳ್ಳು ಟೈಲ್ಸು

ಲೋಟದಲ್ಲಿರುವ ಕಾಫಿಗೂ ಸಿಮೆಂಟಿನ ಘಾಟು ಬಂದುಬಿಟ್ಟಿದೆ. ನೀವು ಎಂದಾದರೂ ಹಳೇ ಟೈಲ್ಸ್ ಕೀಳಿಸಿದ್ದರೆ ಗೊತ್ತಿರುತ್ತದೆ, ಆ ಧೂಳು ಮುಚ್ಚಿಟ್ಟ ಸಕ್ಕರೆ ಡಬ್ಬವನ್ನೂ ಬಿಡುವುದಿಲ್ಲ. ಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದಿನ ಈ ಪುಟ್ಟ ತಾರಸಿ ಮನೆಯಲ್ಲಿ ಈಗ ಇರುವವನು ನಾನೊಬ್ಬನೇ. ಹಾಗಾಗಿ ಅಷ್ಟೂ ಧೂಳು ನನ್ನ ಪಾಲಿಗೇ.

ಟೈಲ್ಸ್ ಆರಿಸಿದ್ದು ನನ್ನ ಹೆಂಡತಿ ಸುಮಿತ್ರ. ಹಾಕಿಸುವುದಾದರೆ ಮುಖ ಕಾಣುವಷ್ಟು ಹೊಳೆಯುವುದೇ ಆಗಬೇಕು ಎಂದು ಹಟ. ಆದರೆ ಮಳೆಗಾಲ ಬಂತೆಂದರೆ ನಮ್ಮ ಕಡೆ ನೆಲ ಬೆವರುತ್ತದೆ. ಹೊಳೆಯುವ ನೆಲ ಇನ್ನೂ ಹೆಚ್ಚು ಜಾರುತ್ತದೆ. ಅದಕ್ಕೆ ನಾವು ಮಲೆನಾಡಿನವರು ಆಸೆಪಟ್ಟು ಟೈಲ್ಸ್ ಹಾಕಿಸಿ, ಆಮೇಲೆ ಅದು ಕಾಣದ ಹಾಗೆ ಗೋಣಿಚೀಲ ಹಾಸುತ್ತೇವೆ. ಇಂಥ ಬುದ್ಧಿ ಬೇರೆ ಯಾರಿಗೆ ಬಂದೀತು ಹೇಳಿ! ನಾವೂ ಹಾಸಿದೆವು.

ಅಡುಗೆಮನೆಯ ಬಾಗಿಲು ದಾಟಿದ ಕೂಡಲೇ ಸಿಗುವ ಒಂದು ಟೈಲ್ಸ್ ಮೊದಲಿನಿಂದಲೂ ಟೊಳ್ಳು. ಅಡಿಯಲ್ಲಿ ಅಂಟು ಸರಿಯಾಗಿ ಹಿಡಿದಿರಲಿಲ್ಲ. ಸಂಜೆ ನನ್ನ ಪಾತ್ರೆ ಅಂಗಡಿ ಮುಚ್ಚಿ ಬಂದು ಅದರ ಮೇಲೆ ಕಾಲಿಟ್ಟರೆ ಟೊಕ್ ಎನ್ನುತ್ತಿತ್ತು. ಒಲೆ ಕಡೆ ಮುಖ ಮಾಡಿ ನಿಂತ ಸುಮಿತ್ರ ತಿರುಗದೆಯೇ ಹೇಳುತ್ತಿದ್ದಳು: "ಕಾಫಿ ಇನ್ನೂ ಆಗ್ಲಿಲ್ಲ." ನಾನೆಲ್ಲಿ ಕಾಫಿ ಕೇಳಿದ್ದೆ?

ಮಳೆಗಾಲದಲ್ಲಿ ಇಡೀ ಮನೆಗೆ ಗೋಣಿ ಹಾಸಿದರೂ ಆ ಒಂದು ಟೈಲ್ಸನ್ನು ಮಾತ್ರ ಬರಿದಾಗಿ ಬಿಡುತ್ತಿದ್ದಳು. ನನಗೋ ಅಲ್ಲಿ ಕಾಲು ಜಾರುವ ಭಯ.

"ಅದೊಂದನ್ನ ಎಂತಕ್ಕೆ ಬಿಟ್ಟಿದ್ಯೆ? ಅಲ್ಲಿಗೂ ಒಂದು ಚೀಲ ಹಾಕು ಮಾರಾಯ್ತಿ."

"ಇರ್ಲಿ ಬಿಡಿ. ನೋಡ್ಕೊಂಡು ಕಾಲಿಡಿ."

ಗಾರೆಯವನನ್ನು ಕರೆದು ಸರಿಮಾಡಿಸುತ್ತೇನೆಂದರೂ ಅದೇ ಉತ್ತರ. ಇದೆಂಥ ಹಟವಪ್ಪಾ ಎಂದು ಸುಮ್ಮನಾದೆ.

ಅವಳು ತೀರಿಕೊಂಡ ಮೇಲೂ ಟೈಲ್ಸ್ ತನ್ನ ಬುದ್ಧಿ ಬಿಡಲಿಲ್ಲ. ನಾನು ತುಳಿಯುತ್ತಿದ್ದೆ, ಅದು ಟೊಕ್ ಎನ್ನುತ್ತಿತ್ತು, ಕಾಫಿ ಆಯಿತೋ ಇಲ್ಲವೋ ಹೇಳುವವರು ಇರಲಿಲ್ಲ. ಕೆಲವು ಸಲ ಬೇಕೆಂತಲೇ ಹಿಂದೆ ಹೋಗಿ ಮತ್ತೊಮ್ಮೆ ತುಳಿದಿದ್ದೇನೆ. ನಗಬೇಡಿ. ಒಬ್ಬನೇ ಇರುವವನು ಇನ್ನೇನು ಮಾಡಿಯಾನು?

ಕಳೆದ ಮಳೆಗಾಲದಲ್ಲಿ ಗೋಣಿ ಹಾಸಲು ಸೋಮಾರಿತನ ಮಾಡಿ ಜಾರಿ ಬಿದ್ದೆ. ಸುದ್ದಿ ಶೃಂಗೇರಿಯಲ್ಲಿರುವ ಅಕ್ಕನಿಗೆ ಮುಟ್ಟಿತು. "ಸೊಂಟ ಮುರ್ಕೊಂಡ್ರೆ ನೋಡೋರು ಯಾರಾ? ಮೊದ್ಲು ಆ ಟೈಲ್ಸ್ ಕೀಳ್ಸು" ಎಂದು ಫೋನಿನಲ್ಲೇ ಬೈದಳು. ಹಾಗೆ ಬಂದವನು ಇಲ್ಲೇ ಹತ್ತಿರದ ನಾರ್ವೆ ಊರಿನ ಗಾರೆಯವನು ಪ್ರಕಾಶ, ಒಡೆಯುವ ಮೆಷೀನು ಹೊತ್ತುಕೊಂಡು.

"ಎಲ್ಲ ತೆಗಿ. ಬಾಗಿಲ ಹತ್ರದ್ದೊಂದು ಇರ್ಲಿ" ಎಂದೆ.

"ಒಂದೇ ಬಿಟ್ರೆ ಸುತ್ತ ತಗ್ಗಾಗ್ತದೆ. ಅದನ್ನೇ ಎಡವಿ ಬೀಳ್ತೀರಿ ಮಾರಾಯ್ರೆ."

"ಇರ್ಲಿ ಬಿಡು." ನನ್ನದೂ ಅದೇ ಉತ್ತರ!

ಟೈಲ್ಸ್ ಚೂರುಚೂರಾಗಿ ಎದ್ದು ಬಂತು. ಅಂಟು ಮಾತ್ರ ಕಾಂಕ್ರೀಟನ್ನು ಕಚ್ಚಿ ಹಿಡಿದಿತ್ತು. ಪ್ರಕಾಶ ಅದನ್ನು ಉಳಿಯಿಂದ ಎಬ್ಬಿಸಿ, ಉಳಿದದ್ದನ್ನು ಗ್ರೈಂಡರಿನಲ್ಲಿ ಉಜ್ಜಿದ. ಮನೆಯೆಲ್ಲ ಬಿಳಿ ಹೊಗೆ. ನಿನ್ನೆ ಸಂಜೆ ಸದ್ದು ನಿಂತಾಗ ಅವನಿಗೆಂದು ಕಾಫಿಗೆ ನೀರಿಟ್ಟು ಒಲೆ ಕಡೆ ತಿರುಗಿ ನಿಂತಿದ್ದೆ.

ಬೆನ್ನ ಹಿಂದೆ ಟೊಕ್ ಎಂದಿತು.

"ಕಾಫಿ ಇನ್ನೂ ಆಗ್ಲಿಲ್ಲ" ಎಂದುಬಿಟ್ಟೆ.

"ಪರ್ವಾಗಿಲ್ಲ, ನಿಧಾನ ಆಗ್ಲಿ" ಎಂದ ಪ್ರಕಾಶ.

ಅಷ್ಟು ವರ್ಷ ಆ ಟೈಲ್ಸನ್ನು ತುಳಿದವನು ನಾನು. ಅದರ ಸದ್ದನ್ನು ಒಲೆಯ ಮುಂದೆ ನಿಂತು ಕೇಳಿದ್ದು ಅದೇ ಮೊದಲು. ಕೇಳಿದೊಡನೆ, ಸದ್ಯ ಯಾರೋ ಬಂದರು ಎಂದು ಜೀವಕ್ಕೆ ಎಷ್ಟು ಹಿತವಾಯಿತು! ಹಗಲಿಡೀ ಅವಳು ಈ ಮನೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಗೋಣಿ ಹಾಸಿದ್ದರೆ ನಾನು ಬಂದದ್ದು ಅವಳಿಗೆ ಕೇಳಿಸುತ್ತಿರಲಿಲ್ಲ.

ಅಳು ಬಂತು. ಧೂಳಿಗೆ ಕಣ್ಣುರಿ ಎಂದು ಪ್ರಕಾಶನಿಗೆ ಹೇಳಿದೆ. ಕಾಫಿ ಕುಡಿದಾದ ಮೇಲೆ, "ಅದನ್ನೂ ತೆಗ್ದುಬಿಡು" ಎಂದೆ. ಕಾದು ಕೇಳುವವಳೇ ಇಲ್ಲದ ಮೇಲೆ ನಾನೇ ತುಳಿದು ನಾನೇ ಕೇಳುವುದರಲ್ಲಿ ಏನಿದೆ? ಅದಕ್ಕೆ ಮೆಷೀನೂ ಬೇಕಾಗಲಿಲ್ಲ. ಉಳಿ ತಾಗಿಸಿದ್ದೇ ತಡ, ಇಡಿಯಾಗಿ ಕೈಗೆ ಬಂತು.

ಇವತ್ತು ನೆಲವೆಲ್ಲ ಬರೀ ಕಾಂಕ್ರೀಟು. ಪ್ರಕಾಶ ಹೊಸ ಟೈಲ್ಸ್ ತರುತ್ತೇನೆಂದಿದ್ದಾನೆ, ಜಾರದಂಥದ್ದು. ಯಾರು ಬಂದರೂ ಈಗ ಸದ್ದಾಗುವುದಿಲ್ಲ. ಅದಕ್ಕೇ ಒಲೆಗೆ ಬೆನ್ನು ಹಾಕಿ, ಬಾಗಿಲನ್ನೇ ನೋಡುತ್ತ ಈ ಘಾಟು ಕಾಫಿ ಕುಡಿಯುತ್ತಿದ್ದೇನೆ. ಪ್ರಕಾಶನ ನೆರಳು ಹೊಸ್ತಿಲ ಮೇಲೆ ಬಿತ್ತು.

"ಬಾ ಮಾರಾಯ" ಎಂದೆ, "ಕಾಫಿ ಆಗಿದೆ."